ಮಲೆನಾಡಿನ ಮಳೆಗೆ ಹಳೆ ಕ್ಯಾಂಪರ್ ವ್ಯಾನಿನ ಒಳಭಾಗ ಸಜ್ಜು ಮಾಡುವುದು ಹೇಗೆ

ಹಳೆ ಕ್ಯಾಂಪರ್ ವ್ಯಾನಿನ, ಅಂದರೆ ಒಳಗೇ ಅಡುಗೆ ಮಾಡಿ ಮಲಗುವ ಹಾಗೆ ಸಜ್ಜು ಮಾಡಿದ ಗಾಡಿಯ, ಬಾಗಿಲು ತೆಗೆದ ಕೂಡಲೇ ಒಂದು ಸಲ ಉಸಿರೆಳೆದು ವಾಸನೆ ನೋಡಿ. ಡೀಸೆಲ್ ವಾಸನೆ ಬಂದರೆ ಎಲ್ಲೋ ಪೈಪು ಸೋರುತ್ತಿದೆ, ಬದಲಾಯಿಸಿದರೆ ಮುಗಿಯಿತು. ಮುಗ್ಗಲು ವಾಸನೆ ಬಂದರೆ ಕೆಲಸ ದೊಡ್ಡದಿದೆ. ನೆಲದ ಹಲಗೆ ಕೆಳಗೋ, ಗೋಡೆಯ ಹಿಂದೋ ನೀರು ಸೇರಿಕೊಂಡಿದೆ ಅಂತಲೇ ಅರ್ಥ.

ನಾನು ಮೂಡಿಗೆರೆ ಕಡೆಯವನು. ನಾಲ್ಕು ವರ್ಷದ ಹಿಂದೆ ಒಂದು ಹಳೆ ಟೆಂಪೋ ಟ್ರಾವೆಲರ್ ತಗೊಂಡೆ. ಮೊದಲಿನ ಮಾಲೀಕರು ಅದರಲ್ಲಿ ಮಂಚ, ಸಣ್ಣ ಅಡುಗೆ ಕಟ್ಟೆ ಎಲ್ಲ ಮಾಡಿಸಿದ್ದರು. ಮೊದಲ ವರ್ಷ ನಾನು ಹಳೆ ನೆಲದ ಮೇಲೇ ಹೊಸ ಪ್ಲೈವುಡ್ ಹಾಕಿಸಿ, ಹೊಸ ರೆಕ್ಸಿನ್ ಹೊಡೆಸಿದೆ. ನೋಡೋಕೆ ಚೆನ್ನಾಗಿತ್ತು. ಆರಿದ್ರಾ ಮಳೆ ಹಿಡಿದು ಬಿಡುವ ಹೊತ್ತಿಗೆ ಹೊಸ ಪ್ಲೈವುಡ್ ಉಬ್ಬಿತ್ತು, ದಿಂಬಿಗೆಲ್ಲ ಬೂಷ್ಟು ಬಂದಿತ್ತು. ಮರುವರ್ಷ ಎಲ್ಲ ಕಿತ್ತು ಮೊದಲಿಂದ ಮಾಡಿದೆವು. ಈಗ ಮೂರು ಮಳೆಗಾಲ ಕಳೆದಿದೆ, ಒಳಗೆ ಒಣಗಿದೆ. ಎರಡನೇ ಸಲ ಮಾಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಊರುಗಳಲ್ಲಿ ಬಿಸಿಲಿಗೆ ಹೆದರಿ ವ್ಯಾನ್ ಕಟ್ಟುತ್ತಾರೆ. ನಮ್ಮಲ್ಲಿ ಮೊಳೆ ಹೊಡೆಯುವ ಮೊದಲು ನೀರಿನ ಬಗ್ಗೆ ಯೋಚಿಸಬೇಕು.

ಯಾವಾಗ ಶುರು ಮಾಡಬೇಕು, ಕಾಗದ ಪತ್ರ ಏನು

ಡಿಸೆಂಬರ್‌ನಲ್ಲಿ ಶುರು ಮಾಡಿ, ಬೇಸಿಗೆ ಶುರುವಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬರುವಷ್ಟರಲ್ಲಿ ತಗಡಿನ ಕೆಲಸ ಮುಗಿಸಿ. ಬಣ್ಣ, ಅಂಟು, ಮರ ಮೂರಕ್ಕೂ ಒಣಹವೆ ಬೇಕು. ಕಾಫಿ ಕುಯ್ಲು ನಡೆಯುವಾಗ ಕಣ ಖಾಲಿ ಇರುವುದಿಲ್ಲ, ನಿಜ. ಆದರೆ ಕಣದ ಪಕ್ಕದಲ್ಲಿ ಬಿಸಿಲು ಬೀಳುವ ಒಂದು ಮೂಲೆ ಸಿಕ್ಕರೆ ಸಾಕು.

ಕೆಲಸಕ್ಕೆ ಕೈ ಹಾಕುವ ಮೊದಲು ಆರ್‌ಸಿ ತೆಗೆದು ನೋಡಿ. ಬಾಡಿ ಯಾವ ಬಗೆ, ಸೀಟು ಎಷ್ಟು ಅಂತ ಅದರಲ್ಲಿ ಬರೆದಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಬದಲಾವಣೆಗೆ ಸಂಬಂಧಿಸಿದ್ದು. ಮೊದಲೇ ಕ್ಯಾಂಪರ್ ಅಂತ ನೋಂದಣಿ ಆಗಿದ್ದು, ನೀವು ಹಳೆ ಮಂಚ ತೆಗೆದು ಹೊಸ ಮಂಚ ಹಾಕುತ್ತಿದ್ದರೆ ತೊಂದರೆ ಕಡಿಮೆ. ಸೀಟು ತೆಗೆಯುವುದು, ಛಾವಣಿ ಕೊರೆಯುವುದು, ಬಾಡಿಯ ಅಳತೆ ಬದಲಾಯಿಸುವುದು ಇದ್ದರೆ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಕೇಳಿ, ಒಪ್ಪಿಗೆ ಪಡೆದು ಆಮೇಲೆ ಮಾಡಿ. ಕೆಎ 18 ಆದರೆ ಚಿಕ್ಕಮಗಳೂರು, ಕೆಎ 13 ಆದರೆ ಹಾಸನ, ಕೆಎ 46 ಆದರೆ ಸಕಲೇಶಪುರ. ಖಾಸಗಿ ವಾಹನಕ್ಕೆ 15 ವರ್ಷ ತುಂಬಿದ್ದರೆ ನೋಂದಣಿ ನವೀಕರಣವೂ ಆಗಿರಬೇಕು. ವಿಮೆಯವರಿಗೂ ಬದಲಾವಣೆ ತಿಳಿಸಿ. ಇದನ್ನು ಬಿಟ್ಟು ಲಕ್ಷಗಟ್ಟಲೆ ಒಳಗೆ ಸುರಿಯಬೇಡಿ.

ಎಲ್ಲ ಕಿತ್ತು ಹಾಕಿ

ಅರ್ಧ ಕಿತ್ತು ಅರ್ಧ ಉಳಿಸಿಕೊಳ್ಳುವ ಆಸೆ ಬರುತ್ತದೆ. ಬೇಡ. ಮಂಚ, ಕಪಾಟು, ಗೋಡೆಯ ಹಲಗೆ, ಸೀಲಿಂಗು, ನೆಲ ಎಲ್ಲ ತೆಗೆಯಿರಿ. ತಗಡು ಕಾಣಬೇಕು.

ತೆಗೆಯುವ ಮೊದಲು ಪ್ರತಿ ಮೂಲೆಯ ಫೋಟೋ ಹೊಡೆದುಕೊಳ್ಳಿ. ಸ್ಕ್ರೂಗಳನ್ನು ಒಂದೊಂದು ಜಾಗದ್ದು ಒಂದೊಂದು ಡಬ್ಬಿಗೆ ಹಾಕಿ, ಮೇಲೆ ಚೀಟಿ ಅಂಟಿಸಿ. ವೈರ್ ಕತ್ತರಿಸುವಾಗ ಎರಡೂ ತುದಿಗೆ ಒಂದೇ ನಂಬರ್ ಬರೆದ ಟೇಪು ಸುತ್ತಿ. ಹಳೆ ಗೋಡೆ ಹಲಗೆಗಳನ್ನು ಒಡೆಯಬೇಡಿ. ಹೊಸ ಹಲಗೆ ಕತ್ತರಿಸಲು ಅವೇ ಅಚ್ಚು. ವ್ಯಾನಿನ ಗೋಡೆ ಎಲ್ಲೂ ನೇರ ಇರುವುದಿಲ್ಲ. ಆ ಬಳುಕನ್ನು ಟೇಪು ಹಿಡಿದು ಅಳೆಯುವುದು ಬಲು ಕಷ್ಟ.

ಸೋರುವ ಜಾಗ ಹುಡುಕುವುದು

ಇದಕ್ಕೆ ಎರಡು ದಿನ ಕೊಡಿ. ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ.

ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಬೇಕು. ಇನ್ನೊಬ್ಬರು ಹೊರಗೆ ಪೈಪಿನಲ್ಲಿ ನೀರು ಬಿಡಬೇಕು. ನೀರನ್ನು ಕೆಳಗಿನಿಂದ ಮೇಲಕ್ಕೆ ಬಿಡುತ್ತಾ ಬನ್ನಿ. ಮೊದಲು ಬಾಗಿಲಿನ ಕೆಳಭಾಗ, ಆಮೇಲೆ ಹಿಂದಿನ ಲೈಟುಗಳ ಸುತ್ತ, ಆಮೇಲೆ ಕಿಟಕಿ, ಕೊನೆಗೆ ಛಾವಣಿ. ಮೇಲಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಇಳಿದು, ಎಲ್ಲಿಂದ ಒಳಗೆ ಬಂತು ಅಂತ ಗೊತ್ತೇ ಆಗುವುದಿಲ್ಲ. ಒಂದೊಂದು ಜಾಗಕ್ಕೆ ಐದು ನಿಮಿಷವಾದರೂ ನೀರು ಬಿಡಿ. ಹನಿ ಕಂಡಲ್ಲಿ ಒಳಗಿನಿಂದ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಒಂದು ಮಾತು ನೆನಪಿರಲಿ: ಹನಿ ಬಿದ್ದ ಜಾಗವೇ ಸೋರುವ ಜಾಗ ಆಗಿರಬೇಕಿಲ್ಲ. ನಮ್ಮ ಗಾಡಿಯಲ್ಲಿ ಹಿಂದಿನ ಚಕ್ರದ ಮೇಲೆ ನೀರು ನಿಲ್ಲುತ್ತಿತ್ತು. ಅದು ಬರುತ್ತಿದ್ದದ್ದು ಮುಂದೆ, ಛಾವಣಿಯ ಕ್ಯಾರಿಯರ್ ಬೋಲ್ಟಿನ ತೂತಿನಿಂದ. ಛಾವಣಿಯ ಪಟ್ಟಿ ಹಿಡಿದುಕೊಂಡು ಅಷ್ಟು ದೂರ ಹರಿದು ಬರುತ್ತಿತ್ತು.

ಹೆಚ್ಚಿನ ಹಳೆ ಗಾಡಿಗಳಲ್ಲಿ ಅಪರಾಧಿ ಕಿಟಕಿಯ ಬೀಡಿಂಗ್ ರಬ್ಬರ್. ಉಗುರಿನಲ್ಲಿ ಒತ್ತಿ ನೋಡಿ. ಗಟ್ಟಿಯಾಗಿ, ಸಣ್ಣ ಸಣ್ಣ ಬಿರುಕು ಬಿಟ್ಟಿದ್ದರೆ ಮೇಲೆ ಗಮ್ ಹಚ್ಚುತ್ತಾ ಕೂರಬೇಡಿ, ರಬ್ಬರನ್ನೇ ಬದಲಾಯಿಸಿ. ಗಾಜು ಕೂರಿಸುವ ವಿಧಾನ ಸುಲಭ, ತಾಳ್ಮೆ ಬೇಕು ಅಷ್ಟೆ. ಹೊಸ ರಬ್ಬರನ್ನು ಗಾಜಿಗೆ ಸುತ್ತ ಹಾಕಿ. ರಬ್ಬರಿನ ಹೊರ ಅಂಚಿನ ಸೀಳಿನೊಳಗೆ ಒಂದು ಗಟ್ಟಿ ದಾರ ಕೂರಿಸಿ, ದಾರದ ಎರಡು ತುದಿ ಗಾಜಿನ ಕೆಳಗಡೆ ಒಳಕ್ಕೆ ಬರಲಿ. ಸೋಪಿನ ನೀರು ಸವರಿ ಗಾಜನ್ನು ಹೊರಗಿನಿಂದ ಚೌಕಟ್ಟಿಗೆ ಒತ್ತಿ ಹಿಡಿಯಬೇಕು. ಒಳಗಿದ್ದವರು ದಾರವನ್ನು ನಿಧಾನಕ್ಕೆ ಎಳೆಯುತ್ತಾ ಹೋದರೆ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಕೂರುತ್ತದೆ.

ತಗಡಿನ ಜಾಯಿಂಟುಗಳಿಗೆ ಪಿಯು (ಪಾಲಿಯುರೆಥೇನ್) ಸೀಲೆಂಟ್ ಬಳಸಿ. ಬಾತ್‌ರೂಮಿಗೆ ಹಾಕುವ ಸಾಮಾನ್ಯ ಸಿಲಿಕೋನ್ ಬೇಡ. ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಆಮ್ಲ ಬಿಡುತ್ತದೆ, ತಗಡಿಗೆ ತುಕ್ಕು ಹಿಡಿಸುತ್ತದೆ. ಅದರ ಮೇಲೆ ಬಣ್ಣವೂ ಹಿಡಿಯುವುದಿಲ್ಲ.

ಇನ್ನೊಂದು ಸಣ್ಣ ಕೆಲಸ. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಹೋಗಲು ಕಂಪನಿಯವರೇ ತೂತು ಬಿಟ್ಟಿರುತ್ತಾರೆ. ಅವು ಮಣ್ಣಿನಿಂದ ಮುಚ್ಚಿರುತ್ತವೆ. ಸೈಕಲ್ ಸ್ಪೋಕ್ ಹಾಕಿ ಬಿಡಿಸಿ. ಎಂದೂ ಅವನ್ನು ಸೀಲೆಂಟ್ ಹಾಕಿ ಮುಚ್ಚಬೇಡಿ.

ತುಕ್ಕು

ಸ್ಕ್ರೂಡ್ರೈವರಿನ ಹಿಡಿಯಿಂದ ನೆಲ, ಚಕ್ರದ ಮೇಲ್ಭಾಗ, ಬಾಗಿಲ ಮೆಟ್ಟಿಲು ಎಲ್ಲ ತಟ್ಟುತ್ತಾ ಬನ್ನಿ. ಒಳ್ಳೆ ತಗಡು ಟಣ್ ಅನ್ನುತ್ತದೆ. ಕೊಳೆತ ತಗಡಿನ ಸದ್ದು ಮಂದ. ಅನುಮಾನ ಬಂದಲ್ಲಿ ಮೊನೆಯಿಂದ ಒತ್ತಿ. ತೂತು ಬಿದ್ದರೆ ಬೀಳಲಿ, ಈಗ ಬೀಳುವುದೇ ಒಳ್ಳೆಯದು.

ಮೇಲಿನ ತುಕ್ಕನ್ನು ವೈರ್ ಬ್ರಷ್ ಮತ್ತು 80 ನಂಬರಿನ ಎಮರಿ ಪೇಪರಿನಿಂದ ಹೊಳೆಯುವ ತಗಡು ಕಾಣುವವರೆಗೆ ಉಜ್ಜಿ. ಗುಳಿಗಳಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲ ಇರುವ ರಸ್ಟ್ ಕನ್ವರ್ಟರ್ ಹಚ್ಚಿ. ಕೈಗೆ ಗ್ಲೌಸ್ ಇರಲಿ, ಕಣ್ಣಿಗೆ ಕನ್ನಡಕ ಇರಲಿ. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಪೂರ್ತಿ ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್ ಎರಡು ಕೋಟ್ ಹೊಡೆಯಿರಿ. ರೆಡ್ ಆಕ್ಸೈಡ್ ಅಗ್ಗ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಮೇಲೆ ಬಣ್ಣ ಹೊಡೆಯದೆ ಬಿಟ್ಟರೆ ಅದು ತೇವ ಹೀರುತ್ತದೆ. ಗೇಟಿಗೆ ಸರಿ, ವ್ಯಾನಿನ ನೆಲಕ್ಕೆ ನಾನು ಒಪ್ಪುವುದಿಲ್ಲ.

ತೂತು ಬಿದ್ದ ಜಾಗಕ್ಕೆ ಹೊಸ ತಗಡನ್ನೇ ವೆಲ್ಡಿಂಗ್ ಮಾಡಿಸಬೇಕು. ಟಿಂಕರಿಂಗ್ ಅಂಗಡಿಯಲ್ಲಿ ಪಕ್ಕದಲ್ಲೇ ನಿಂತು ಮಾಡಿಸಿ. ನಮ್ಮ ಗಾಡಿಯ ಚಕ್ರದ ಮೇಲಿನ ಬಣ್ಣ ಉಜ್ಜಿದಾಗ ಒಳಗೆ ಗೋಣಿ ತುಂಡು, ಅದರ ಮೇಲೆ ಅರ್ಧ ಇಂಚು ದಪ್ಪ ಪುಟ್ಟಿ ಸಿಕ್ಕಿತು. ಹಿಂದೆ ಯಾರೋ ಹಾಗೆ ಮುಚ್ಚಿ ಕೊಟ್ಟಿದ್ದರು. ಪುಟ್ಟಿಯ ಹಿಂದಿನ ತಗಡು ಅಂಗೈಯಗಲ ಪುಡಿಯಾಗಿತ್ತು. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ಎರಡೂ ವೈರ್ ಬಿಚ್ಚಿ. ಡೀಸೆಲ್ ಪೈಪು, ಬ್ರೇಕ್ ಪೈಪು, ಟ್ಯಾಂಕು ಎಲ್ಲಿವೆ ಅಂತ ಗಾಡಿಯ ಕೆಳಗೆ ಮಲಗಿ ನೋಡಿ. ಒಂದೇ ಕಡೆ ಉದ್ದಕ್ಕೆ ವೆಲ್ಡ್ ಮಾಡಿದರೆ ತಗಡು ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕೆ, ಎದುರು ಬದಿಯಲ್ಲೊಂದು ಚುಕ್ಕೆ ಅಂತ ಹಾಕುತ್ತಾ ಬರಬೇಕು.

ಕಂಬಗಳ ಒಳಗೆ ಕೈ ಹೋಗದ ಜಾಗಕ್ಕೆ ತುಕ್ಕು ತಡೆಯುವ ಮೇಣ, ಅಂದರೆ ಕ್ಯಾವಿಟಿ ವ್ಯಾಕ್ಸ್ ಸ್ಪ್ರೇ ಹೊಡೆಯಿರಿ. ಸುಟ್ಟ ಎಂಜಿನ್ ಆಯಿಲ್ ಹೊಡೆಯುವ ರೂಢಿ ನಮ್ಮಲ್ಲಿದೆ. ಅದು ರಬ್ಬರನ್ನು ಹಾಳು ಮಾಡುತ್ತದೆ, ಮಳೆಯಲ್ಲಿ ತೊಳೆದು ಹಳ್ಳಕ್ಕೆ ಸೇರುತ್ತದೆ. ಆ ಹಳ್ಳದ ನೀರನ್ನೇ ಅಲ್ವಾ ನಾವು ತೋಟಕ್ಕೆ, ಮನೆಗೆ ತರುವುದು.

ನೆಲ

ನೆಲ ಹಾಕುವ ಮೊದಲು ತಗಡು ಪೂರ್ತಿ ಒಣಗಿರಬೇಕು. ಒಣಗಿದ ಕಾಫಿ ಹಣ್ಣನ್ನು ಕೈಯಲ್ಲಿ ಅಲ್ಲಾಡಿಸಿದರೆ ಒಳಗಿನ ಬೀಜ ಸದ್ದು ಮಾಡಿ ಹೇಳುತ್ತದೆ. ತಗಡಿನ ಸಂದಿಗೆ ಅಂಥ ಗುರುತಿಲ್ಲ. ಅದಕ್ಕೆ ಒಂದು ದಾರಿ ಇದೆ. ಅನುಮಾನ ಇರುವ ಜಾಗದ ಮೇಲೆ ಒಂದಡಿ ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕೂ ಕಡೆ ಟೇಪು ಹೊಡೆಯಿರಿ. ಒಂದು ದಿನ ಬಿಸಿಲಿಗೆ ಬಿಟ್ಟು ನೋಡಿ. ಹಾಳೆಯ ಕೆಳಗೆ ಮಂಜು ಕಟ್ಟಿದ್ದರೆ ಇನ್ನೂ ಕಾಯಬೇಕು.

ಪ್ಲೈವುಡ್ಡಿನಲ್ಲಿ ಐಎಸ್ 710 ಅಂತ ಮುದ್ರೆ ಇರುವ ಮರೈನ್ ಪ್ಲೈ ತಗೊಳ್ಳಿ, ನೆಲಕ್ಕೆ 12 ಮಿ.ಮೀ. ಸಾಕು. ಈ ಮುದ್ರೆಯ ಪ್ಲೈ 72 ಗಂಟೆ ಕುದಿಯುವ ನೀರಿನಲ್ಲಿದ್ದರೂ ಪದರ ಬಿಡಬಾರದು ಎಂಬುದು ನಿಯಮ. ಮುದ್ರೆ ಮಾತ್ರ ನಂಬಬೇಡಿ. ಅಂಗಡಿಯಿಂದ ಒಂದು ತುಂಡು ತಂದು, ಹಳೆ ಪಾತ್ರೆಯಲ್ಲಿ ನೀರು ಹಾಕಿ, ಬಚ್ಚಲೊಲೆಯ ಮೇಲೆ ದಿನವಿಡೀ ಕುದಿಸಿ. ನಾವು ಹಾಗೆ ನೋಡಿದ ಎರಡು ತುಂಡುಗಳಲ್ಲಿ ಒಂದು ಸಂಜೆಯೊಳಗೆ ಪುಸ್ತಕದ ಹಾಗೆ ಬಿಚ್ಚಿಕೊಂಡಿತ್ತು.

ನಮ್ಮ ಮರಗೆಲಸಕ್ಕೆ ಬಂದ ಆಚಾರ್ರು ಪ್ಲೈ ಕತ್ತರಿಸಿ ಪಕ್ಕಕ್ಕಿಟ್ಟು ಹೇಳಿದ ಮಾತು: "ಹಲಗೆ ನೀರು ಕುಡಿಯೋದು ಬೆನ್ನಿಂದಲ್ಲ ಕಣಪ್ಪಾ, ಅಂಚಿಂದ. ಮೊದ್ಲು ಅಂಚಿನ ಬಾಯಿ ಮುಚ್ಚು." ಅವರು ಹೇಳಿದ ಹಾಗೆ ಅಂಚುಗಳಿಗೆ, ಸ್ಕ್ರೂ ತೂತುಗಳ ಒಳಗೂ ಎಪಾಕ್ಸಿ ಮೂರು ಸಲ ಹಚ್ಚಿದೆವು. ಕೆಳಮುಖಕ್ಕೆ ಎರಡು ಕೋಟ್. ಹಲಗೆ ಮತ್ತು ಗೋಡೆಯ ನಡುವೆ 5 ಮಿ.ಮೀ. ಸಂದಿ ಬಿಡಿ, ಮಳೆಗಾಲದಲ್ಲಿ ಮರ ಸ್ವಲ್ಪ ಹಿಗ್ಗುತ್ತದೆ. ಹಲಗೆಗಳನ್ನು ಅಂಟು ಹಾಕಿ ತಗಡಿಗೆ ಕೂರಿಸಬೇಡಿ, ಬೋಲ್ಟ್ ಹಾಕಿ. ಮುಂದೆ ಎಂದಾದರೂ ನೀರು ನುಗ್ಗಿದರೆ ಬಿಚ್ಚಿ ಒಣಗಿಸಲು ಆಗಬೇಕು. ಮೇಲೆ ವಿನೈಲ್ ಹಾಳೆ ಹಾಸಿ. ಕಾರ್ಪೆಟ್ ಬೇಡವೇ ಬೇಡ. ಒದ್ದೆ ಕಾಲಿನ ಮಣ್ಣು, ಜಿಗಣೆ ಎರಡೂ ಕಾರ್ಪೆಟ್ಟಿನಲ್ಲಿ ಕಾಣುವುದಿಲ್ಲ.

ಗೋಡೆ, ಸೀಲಿಂಗು

ತಗಡಿನ ಛಾವಣಿ ಅರಸೀಕೆರೆ ಕಡೆಯ ಬೇಸಿಗೆಯಲ್ಲಿ ಕಾದ ಹಂಚಿನ ಹಾಗಾಗುತ್ತದೆ. ಅದೇ ಛಾವಣಿ ಜನವರಿ ರಾತ್ರಿ ನಮ್ಮ ಕಡೆ ತಣ್ಣಗಾಗಿ, ಉಸಿರಿನ ಆವಿ ತಾಗಿ ಹನಿಕ್ಕುತ್ತದೆ. ಎರಡಕ್ಕೂ 10 ಮಿ.ಮೀ. ನೈಟ್ರೈಲ್ ರಬ್ಬರ್ ಹಾಳೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದು ನೀರು ಹೀರುವುದಿಲ್ಲ. ತಗಡನ್ನು ಥಿನ್ನರಿನಿಂದ ಒರೆಸಿ, ರಬ್ಬರ್ ಅಂಟು ಎರಡೂ ಕಡೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಅಂಟಿಸಿ. ಗಾಳಿ ಗುಳ್ಳೆ ಉಳಿಯಬಾರದು, ಆವಿ ಅಲ್ಲೇ ಸೇರಿಕೊಳ್ಳುತ್ತದೆ. ಥರ್ಮಾಕೋಲ್ ಬಳಸಬೇಡಿ. ಅಂಟಿಗೆ ಕರಗುತ್ತದೆ, ಬೆಂಕಿ ಬೇಗ ಹಿಡಿಯುತ್ತದೆ. ಗ್ಲಾಸ್ ವುಲ್ ತೇವ ಹಿಡಿದಿಟ್ಟುಕೊಳ್ಳುತ್ತದೆ, ಅದೂ ನಮ್ಮ ಸೀಮೆಗೆ ಆಗಿಬರುವುದಿಲ್ಲ.

ಗೋಡೆ ಹಲಗೆಗೆ 4 ಮಿ.ಮೀ. ಪ್ಲೈ ಸಾಕು. ಆದರೆ ಅದನ್ನು ಹೊಡೆಯುವ ಮೊದಲು ವೈರಿಂಗ್ ಮುಗಿದಿರಬೇಕು.

ಕರೆಂಟು

ಮೊದಲು ಲೆಕ್ಕ ಹಾಕಿ. 5 ವಾಟಿನ ನಾಲ್ಕು ಎಲ್‌ಇಡಿ ದಿನಕ್ಕೆ ನಾಲ್ಕು ಗಂಟೆ ಉರಿದರೆ 80 ವಾಟ್‌ಅವರ್. 20 ವಾಟಿನ ಫ್ಯಾನು ರಾತ್ರಿ ಎಂಟು ಗಂಟೆ ತಿರುಗಿದರೆ 160. ಎರಡು ಫೋನಿಗೆ 30. ಒಟ್ಟು 270. 12 ವೋಲ್ಟಿನ, 100 ಆಂಪ್‌ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಸುಮಾರು 1,280 ವಾಟ್‌ಅವರ್ ಇರುತ್ತದೆ. ಅದರಲ್ಲಿ 1,000 ಬಳಸಿದರೂ ಮೂರು ದಿನ ದಾಟುತ್ತದೆ. ಅದೇ ಅಳತೆಯ ಸಾಮಾನ್ಯ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಇಳಿಸಬಾರದು, ಹಾಗಾಗಿ ಎರಡು ದಿನ. ಫ್ರಿಜ್ ಸೇರಿಸಿದರೆ ಲೆಕ್ಕವೆಲ್ಲ ಬದಲಾಗುತ್ತದೆ. ನಮ್ಮ ಹವೆಗೆ ಸಣ್ಣ ಪ್ರವಾಸಕ್ಕೆ ಫ್ರಿಜ್ ಬೇಕಿಲ್ಲ ಅಂತ ನನ್ನ ಅಭಿಪ್ರಾಯ.

ಸೋಲಾರ್ ಹಾಕಿಸುವವರು ಜುಲೈ ತಿಂಗಳನ್ನು ನೆನಪಿಟ್ಟುಕೊಳ್ಳಿ. ವಾರಗಟ್ಟಲೆ ಬಿಸಿಲು ಕಾಣದ ಊರಿನಲ್ಲಿ ಪ್ಯಾನೆಲ್ ಒಂದನ್ನೇ ನಂಬುವಂತಿಲ್ಲ. ಗಾಡಿ ಓಡುವಾಗ ಆಲ್ಟರ್ನೇಟರಿನಿಂದ ಚಾರ್ಜ್ ಆಗುವಂತೆ ಡಿಸಿ-ಡಿಸಿ ಚಾರ್ಜರ್ ಹಾಕಿಸಿ.

ವೈರ್ ದಪ್ಪ ಇರಲಿ. 12 ವೋಲ್ಟಿನಲ್ಲಿ ವೈರಿನ ಉದ್ದವೇ ಕರೆಂಟನ್ನು ತಿನ್ನುತ್ತದೆ. ಬ್ಯಾಟರಿಯಿಂದ 5 ಮೀಟರ್ ದೂರಕ್ಕೆ 10 ಆಂಪ್ ಒಯ್ಯುವಾಗ 2.5 ಚದರ ಮಿ.ಮೀ. ವೈರಿನಲ್ಲಿ ಸುಮಾರು 0.7 ವೋಲ್ಟ್ ಕಳೆದುಹೋಗುತ್ತದೆ. 6 ಚದರ ಮಿ.ಮೀ. ಆದರೆ 0.3 ಮಾತ್ರ. ತಿರುಚಿ ಟೇಪು ಸುತ್ತಿದ ಜಾಯಿಂಟ್ ಬೇಡ, ವೈರಿನ ತುದಿಗೆ ಲೋಹದ ಲಗ್ ಹಾಕಿ ಒತ್ತಿ ಕ್ರಿಂಪ್ ಮಾಡಿ. ತಗಡಿನ ತೂತಿನಲ್ಲಿ ವೈರ್ ಹಾದುಹೋಗುವ ಕಡೆ ರಬ್ಬರಿನ ಬಳೆ, ಅಂದರೆ ಗ್ರಾಮೆಟ್ ಇರಲೇಬೇಕು. ಮುಖ್ಯ ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ. ಫ್ಯೂಸಿಗಿಂತ ಹಿಂದಿನ ವೈರಿಗೆ ಯಾವ ಕಾವಲೂ ಇರುವುದಿಲ್ಲ.

ಮಂಚ, ಕಪಾಟು

ಮರ ಕತ್ತರಿಸುವ ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ನಕ್ಷೆ ಬರೆಯಿರಿ. ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿ ಕಪಾಟು ಅಂದುಕೊಳ್ಳಿ. ಒಂದು ರಾತ್ರಿ ಒಳಗೇ ಮಲಗಿ ಎದ್ದು ನೋಡಿ. ನಾವು ಹಾಗೆ ಮಲಗಿದ ಮೇಲೆ ಅಡುಗೆ ಕಟ್ಟೆ ಎಡದಿಂದ ಬಲಕ್ಕೆ ಬಂತು, ಮಂಚ ಆರು ಇಂಚು ಉದ್ದವಾಯಿತು.

ಭಾರದ ಕಡೆ ಗಮನ ಇರಲಿ. 18 ಮಿ.ಮೀ. ಪ್ಲೈಯ ಎಂಟಡಿ ನಾಲ್ಕಡಿ ಹಾಳೆ ಒಂದೇ 30 ಕೆ.ಜಿ. ಮೀರುತ್ತದೆ. ಮಂಚದ ಪಟ್ಟಿಗಳಿಗೆ ನಾವು ತೋಟದ ಸಿಲ್ವರ್ ಓಕ್ ಮರ ಬಳಸಿದೆವು. ಹಗುರ, ಅಗ್ಗ, ಮನೆಯಲ್ಲೇ ಇತ್ತು. ಎರಡು ವರ್ಷ ಅಟ್ಟದಲ್ಲಿ ಒಣಗಿದ ಮರ ಅದು. ಹಸಿ ಮರ ತಿರುಚಿಕೊಳ್ಳುತ್ತದೆ. ಸಿಲ್ವರಿಗೆ ಹುಳ ಬೇಗ ಹಿಡಿಯುತ್ತದೆ, ಬೋರಿಕ್ ಆಮ್ಲ ಮತ್ತು ಬೋರಾಕ್ಸ್ ಬೆರೆಸಿದ ನೀರು ಬಳಿದು ಒಣಗಿಸಿ. ಉಜ್ಜುವಾಗ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ, ಕೆಲವರಿಗೆ ಅದರ ಪುಡಿ ತಾಗಿದರೆ ಚರ್ಮ ಕೆರೆಯುತ್ತದೆ. ಪಟ್ಟಿಗಳ ನಡುವೆ ಎರಡು ಇಂಚು ಸಂದಿ ಬಿಡಿ. ಹಾಸಿಗೆಯ ಕೆಳಗೆ ಗಾಳಿ ಆಡದಿದ್ದರೆ ಬೂಷ್ಟು ಮೊದಲು ಅಲ್ಲಿಂದಲೇ ಶುರು.

ಮೊಳೆ ಎಲ್ಲೂ ಬೇಡ, ಅಲುಗಾಟಕ್ಕೆ ಎದ್ದು ಬರುತ್ತದೆ. ಸ್ಟೀಲ್ ಬೋಲ್ಟು, ಅಲುಗಾಟಕ್ಕೆ ಸಡಿಲವಾಗದ ನೈಲಾಕ್ ನಟ್ಟು ಹಾಕಿ. ಕಪಾಟಿನ ಬಾಗಿಲಿಗೆ ಒತ್ತಿದರೆ ಲಾಕ್ ಆಗುವ ಚಿಲಕ ಬೇಕು. ಮ್ಯಾಗ್ನೆಟ್ ಚಿಲಕ ಘಾಟಿಯ ಮೊದಲ ತಿರುವಿನಲ್ಲೇ ತೆರೆದುಕೊಳ್ಳುತ್ತದೆ.

ಫೋಮ್ 40 ಡೆನ್ಸಿಟಿ, ನಾಲ್ಕು ಇಂಚು. ಕವರಿಗೆ ಜಿಪ್ ಇರಲಿ, ತೆಗೆದು ಒಗೆಯಬೇಕು. ಕೆಳಮುಖಕ್ಕೆ ಜಾಲರಿ ಬಟ್ಟೆ ಹೊಲಿಸಿ. ಪರದೆ ನಿಮ್ಮಿಷ್ಟ.

ಗ್ಯಾಸು, ನೀರು, ಗಾಳಿ

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಕೂರುತ್ತದೆ. ಹಾಗಾಗಿ 5 ಕೆ.ಜಿ. ಸಿಲಿಂಡರಿಗೆ ಪ್ರತ್ಯೇಕ ಪೆಟ್ಟಿಗೆ ಮಾಡಿ, ಅದರ ತಳದಲ್ಲಿ ಎರಡು ಇಂಚಿನ ತೂತು ನೇರ ಗಾಡಿಯ ಹೊರಗೆ ಹೋಗಬೇಕು. ಪೆಟ್ಟಿಗೆಯ ಒಳಮುಖ ಗಾಳಿಯಾಡದ ಹಾಗೆ ಮುಚ್ಚಿರಲಿ. ಪ್ರತಿ ಜಾಯಿಂಟಿಗೂ ಸೋಪಿನ ನೊರೆ ಹಚ್ಚಿ ನೋಡಿ. ಅಡುಗೆ ಮಾಡುವಾಗ ಬಾಗಿಲು ತೆರೆದಿರಲಿ. ಬಾಗಿಲ ಬಳಿ ಒಂದು ಕೆ.ಜಿ.ಯ ಬೆಂಕಿ ಆರಿಸುವ ಸಿಲಿಂಡರ್ ಇಡಿ.

ಚಳಿ ಅಂತ ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ ವ್ಯಾನಿನೊಳಗೆ ಇಟ್ಟುಕೊಂಡು ಮಲಗಬೇಡಿ. ದಯವಿಟ್ಟು ಬೇಡ. ಹೆಂಚಿನ ಮನೆಯಲ್ಲಿ ಸಂದಿಗಳಿಂದ ಗಾಳಿ ಆಡುತ್ತದೆ. ನಾವು ಇಷ್ಟೆಲ್ಲ ಸೀಲ್ ಮಾಡಿದ ವ್ಯಾನಿನಲ್ಲಿ ಆಡುವುದಿಲ್ಲ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಕಂಬಳಿ ಇನ್ನೊಂದು ಹೊದೆಯಿರಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ಮಲಗುವ ಕಡೆ ಹಾಕಿ.

ನೀರಿಗೆ 20 ಲೀಟರಿನ ಎರಡು ಕ್ಯಾನು, ಒಂದು ಕಾಲಿನ ಪಂಪು ಸಾಕು. ಪಾತ್ರೆ ತೊಳೆದ ನೀರಿಗೆ ಬೇರೆ ಕ್ಯಾನು ಇಡಿ, ಹೊಳೆ ದಡದಲ್ಲಿ ಸುರಿಯಬೇಡಿ.

ಗಾಳಿಗೆ ಎರಡು ದಾರಿ ಬೇಕು. ಕೆಳಗೊಂದು ಒಳಬರಲು, ಮೇಲೊಂದು ಹೊರಹೋಗಲು. ಮೇಲಿನದಕ್ಕೆ ಮಳೆ ತಡೆಯುವ ಟೋಪಿ ಇರಲಿ. ರಾತ್ರಿ ಎರಡೂ ತೆರೆದಿರಲಿ.

ಓಡಿಸಿ ನೋಡುವುದು

ಎಲ್ಲ ಮುಗಿದ ಮೇಲೆ ಪಾತ್ರೆ, ನೀರು, ಹಾಸಿಗೆ ತುಂಬಿಕೊಂಡು ಒಂದು ದಿನ ಘಾಟಿ ಇಳಿದು ಹತ್ತಿ. ನಾವು ಚಿಕ್ಕಮಗಳೂರಿನಿಂದ ಹೊರಟು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿದೆವು. ಒಬ್ಬರು ಓಡಿಸಬೇಕು, ಇನ್ನೊಬ್ಬರು ಸೀಟಿನಲ್ಲಿ ಕೂತು ಸದ್ದು ಎಲ್ಲಿಂದ ಬರುತ್ತಿದೆ ಅಂತ ಬರೆದುಕೊಳ್ಳಬೇಕು. ಮನೆಗೆ ಬಂದ ಮೇಲೆ ಪ್ರತಿ ಬೋಲ್ಟನ್ನೂ ಮತ್ತೊಂದು ಸುತ್ತು ಬಿಗಿ ಮಾಡಿ. ಆಮೇಲೆ ಪೈಪಿನ ನೀರಿನ ಪರೀಕ್ಷೆ ಇನ್ನೊಮ್ಮೆ ಮಾಡಿ. ಘಾಟಿಯ ಕುಲುಕಾಟಕ್ಕೆ ನಮ್ಮ ಗಾಡಿಯ ಒಂದು ಕಿಟಕಿ ರಬ್ಬರ್ ಜರುಗಿತ್ತು.

ಮಳೆಗಾಲದಲ್ಲಿ ಗಾಡಿ ನಿಲ್ಲಿಸುವಾಗ ಶೆಡ್ಡಿನೊಳಗೆ, ಮುಂಭಾಗ ಸ್ವಲ್ಪ ಎತ್ತರಕ್ಕೆ ಬರುವ ಹಾಗೆ ನಿಲ್ಲಿಸಿ. ಗಾಡಿಯ ಛಾವಣಿಯ ಮೇಲೆ ಉಳಿದ ನೀರು ಹಿಂದಕ್ಕೆ ಇಳಿದು ಹೋಗಲಿ. ದಿಂಬು, ಹಾಸಿಗೆ ಮನೆಯೊಳಗೆ ತಂದಿಡಿ. ಕಪಾಟಿನ ಬಾಗಿಲು ತೆರೆದಿಡಿ. ವಾರಕ್ಕೊಮ್ಮೆ ಒಳಗೆ ಹೋಗಿ ಚಕ್ರದ ಮೇಲೆ, ಕಿಟಕಿಯ ಕೆಳಗೆ, ಮಂಚದ ಅಡಿ ಕೈಯಾಡಿಸಿ ನೋಡಿ. ಬೆರಳಿಗೆ ತಣ್ಣಗೆ ತಾಗಿದರೆ ಅವತ್ತೇ ಆ ಹಲಗೆಯ ಬೋಲ್ಟ್ ಬಿಚ್ಚಿ.